ಏಳು ಜನಕ್ಕೊಂದು ಮಿನಿವ್ಯಾನ್: ಖರೀದಿಯಿಂದ ಮೊದಲ ವರ್ಷದವರೆಗಿನ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಕುಟುಂಬ ಯಾವುದು, ಅವರು ಕೊಂಡ ವಾಹನ ಯಾವ ಕಂಪನಿಯದು ಎಂಬುದನ್ನು ಇಲ್ಲಿ ಹೇಳಿಲ್ಲ. ಲೆಕ್ಕ ಸುಲಭವಾಗಲೆಂದು ತೂಕಗಳನ್ನು ಸ್ವಲ್ಪ ಸರಿಹೊಂದಿಸಲಾಗಿದೆ. ಮಿಕ್ಕಂತೆ ಮೂರು ಸಾಲು ಸೀಟು, ಎರಡೂ ಬದಿಗೆ ಜಾರುಬಾಗಿಲು ಇರುವ ಯಾವ ಹೊಸ ಮಿನಿವ್ಯಾನ್ ಕೊಳ್ಳುವವರಿಗೂ ಇದೇ ಪ್ರಶ್ನೆಗಳು ಎದುರಾಗುತ್ತವೆ.

ಹಿನ್ನೆಲೆ

ಮನೆಯಲ್ಲಿ ಏಳು ಜನ. ಗಂಡ, ಹೆಂಡತಿ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಒಂಬತ್ತು ತಿಂಗಳ ಕೂಸು, ಅಜ್ಜ, ಅಜ್ಜಿ. ಅಜ್ಜಿಗೆ ಒಂದು ಮಂಡಿ ಸವೆದಿದೆ, ಕೋಲು ಹಿಡಿದೇ ನಡೆಯುತ್ತಾರೆ. ಅದುವರೆಗೆ ಇದ್ದದ್ದು ಐದು ಸೀಟಿನ ಕಾರು. ಎಲ್ಲರೂ ಒಟ್ಟಿಗೆ ಹೊರಡಬೇಕೆಂದರೆ ಎರಡು ಗಾಡಿ ಬೇಕಾಗುತ್ತಿತ್ತು.

ಅವರು ಮೊದಲು ಆರಿಸಿದ್ದು ಎಂಟು ಸೀಟಿನ ಮಿನಿವ್ಯಾನ್: ಮುಂದೆ ಎರಡು, ನಡುವಿನ ಸಾಲಿನಲ್ಲಿ ಮೂರು ಸೀಟಿನ ಬೆಂಚು, ಹಿಂದೆ ಮೂರು. ಅದೇ ವಾಹನ ಏಳು ಸೀಟಿನಲ್ಲೂ ಬರುತ್ತಿತ್ತು. ಅದರಲ್ಲಿ ನಡುವಿನ ಸಾಲಿಗೆ ಬಿಡಿಬಿಡಿಯಾದ ಎರಡು ಕ್ಯಾಪ್ಟನ್ ಸೀಟು, ಅವುಗಳ ನಡುವೆ ಓಡಾಡುವ ಜಾಗ. ಏಳು ಜನರಿರುವ ಮನೆಗೆ ಎಂಟು ಸೀಟು ಇದ್ದರೆ ಒಂದು ಕೈಯಲ್ಲಿರುತ್ತದೆ ಎಂಬುದು ಅವರ ಲೆಕ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಸೀಟಿನ ಸಂಖ್ಯೆ ಖಾಲಿ ಗಾಡಿಯ ಲೆಕ್ಕ. ಮಗುವಿನ ಸೀಟು ಬಿಗಿದ ಮೇಲೆ ಎಷ್ಟು ಸೀಟು ಉಳಿಯುತ್ತವೆ, ಅಲ್ಲಿಗೆ ಹೋಗುವ ದಾರಿ ಯಾವುದು ಎಂದು ನೋಡಿದರೆ ಚಿತ್ರವೇ ಬೇರೆ.

ಸಹಿಗೆ ಮೊದಲು ಮಾಡಿದ ಪರೀಕ್ಷೆ

ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ತೀರ್ಮಾನ ಇದೇ. ಕುಟುಂಬ ಬುಕಿಂಗ್ ಕಾಗದಕ್ಕೆ ಸಹಿ ಹಾಕುವುದನ್ನು ಒಂದು ವಾರ ಮುಂದೂಡಿತು. ಮುಂದಿನ ಸಲ ಷೋರೂಮಿಗೆ ಹೋಗುವಾಗ ಮೂರೂ ಮಕ್ಕಳ ಸೀಟು, ಮಡಚುವ ತಳ್ಳುಗಾಡಿ, ನಾಲ್ಕು ಸೂಟ್‌ಕೇಸು, ಜೊತೆಗೆ ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಹೋಯಿತು. ಟೆಸ್ಟ್ ಡ್ರೈವ್‌ನಲ್ಲಿ ಎಂಜಿನ್, ಸ್ಟಿಯರಿಂಗ್ ಹೇಗಿದೆ ಎಂದು ಗೊತ್ತಾಗುತ್ತದೆ. ಆ ಗಾಡಿಯಲ್ಲಿ ಸಂಸಾರ ನಡೆಸಬಹುದೇ ಎಂದು ಗೊತ್ತಾಗಬೇಕಾದರೆ ಗಾಡಿ ನಿಂತಿರಬೇಕು, ಒಳಗೆ ಎಲ್ಲರೂ ಕೂತಿರಬೇಕು.

ಬೆಂಚು ಸೀಟಿನ ಗಾಡಿ ಮೊದಲ ಹತ್ತು ನಿಮಿಷದಲ್ಲೇ ಸೋತಿತು. ಮೂರನೇ ಸಾಲಿಗೆ ಹೋಗಬೇಕೆಂದರೆ ನಡುಸಾಲಿನ ಅಂಚಿನ ಸೀಟನ್ನು ಮುಂದಕ್ಕೆ ವಾಲಿಸಿ ಸರಿಸಬೇಕು. ಆ ಸೀಟಿನ ಮೇಲೆ ಕೂಸಿನ ಹಿಮ್ಮುಖ ಸೀಟು (ಮಗು ಗಾಡಿಯ ಹಿಂಬದಿಗೆ ಮುಖ ಮಾಡಿ ಕೂರುವಂಥದ್ದು) ಬಿಗಿದಿದ್ದರೆ ಅದು ವಾಲುವುದಿಲ್ಲ. ಇನ್ನೊಂದು ಅಂಚಿನಲ್ಲಿ ಅಜ್ಜಿ. ಅಂದರೆ ಹಿಂದೆ ಕೂತವರು ಹತ್ತುವಾಗ, ಇಳಿಯುವಾಗಲೆಲ್ಲ ಮಂಡಿನೋವಿನ ಅಜ್ಜಿ ಎದ್ದು ಕೆಳಗಿಳಿದು ನಿಲ್ಲಬೇಕು. ಕೂಸಿನ ಸೀಟನ್ನು ಬೆಂಚಿನ ನಡುವೆ ಹಾಕಿದರೆ ಅದರ ಅಗಲಕ್ಕೆ ಪಕ್ಕದ ಸೀಟಿನ ಬೆಲ್ಟ್ ಬಕಲ್ ಮುಚ್ಚಿಹೋಗುತ್ತಿತ್ತು. ಎಂಟನೆಯ ಸೀಟು ಕಾಗದದ ಮೇಲಷ್ಟೇ ಉಳಿಯಿತು.

ಏಳು ಸೀಟಿನ ಗಾಡಿಯಲ್ಲಿ ನಡುದಾರಿ ಇರುವುದರಿಂದ ಯಾವ ಸೀಟನ್ನೂ ಅಲುಗಿಸದೆ ಹಿಂದಕ್ಕೆ ಹೋಗಬಹುದು. ಯಾರು ಎಲ್ಲಿ ಕೂರಬೇಕು ಎಂದು ಅಲ್ಲೇ ಕೂರಿಸಿ, ಎಬ್ಬಿಸಿ ನೋಡಿದರು. ಅಜ್ಜಿ ನಡುಸಾಲಿನಲ್ಲಿ ಒಂದು ಕಡೆ, ಕೂಸು ಇನ್ನೊಂದು ಕಡೆ. ಹಿಂದಿನ ಸಾಲಿಗೆ ಮಗಳು, ಮಗ, ಅಜ್ಜ. ಇಲ್ಲಿ ಒಂದು ಸಣ್ಣ ಸಂಗತಿ ದೊಡ್ಡದಾಯಿತು. ಮೊದಲು ಮಗಳ ಬೂಸ್ಟರ್ ಸೀಟನ್ನು (ಗಾಡಿಯ ಬೆಲ್ಟ್ ಸರಿಯಾಗಿ ಕೂರಲೆಂದು ಮಗುವನ್ನು ಎತ್ತರಿಸುವ ಸೀಟು) ಹಿಂದಿನ ಸಾಲಿನ ನಡುವೆ ಇಟ್ಟರು. ಬೂಸ್ಟರಿನ ಅಂಚು ಬಕಲ್ ಮೇಲೆಯೇ ಕೂತಿತು, ಅವಳ ಕೈಗೆ ಬೆಲ್ಟ್ ಸಿಕ್ಕಿಸಲು ಆಗಲಿಲ್ಲ. ಆಗ ಅವಳನ್ನು ಅಂಚಿಗೆ ಕೂರಿಸಿ ನಾಲ್ಕು ವರ್ಷದವನ ಸೀಟನ್ನು ನಡುವೆ ಹಾಕಿದರು. ನಡುದಾರಿ ನೇರವಾಗಿ ಅವನ ಎದುರಿಗೇ ಹೋಗಿ ನಿಲ್ಲುವುದರಿಂದ ತಾಯಿ ಅಲ್ಲೇ ಮಂಡಿಯೂರಿ ಎರಡೂ ಕೈಯಿಂದ ಅವನ ಪಟ್ಟಿ ಬಿಗಿಯಬಹುದು. ಮಗಳು ತನ್ನ ಬೆಲ್ಟನ್ನು ತಾನೇ ಹಾಕಿಕೊಳ್ಳುತ್ತಾಳೆ. ಮಗನ ಇನ್ನೊಂದು ಪಕ್ಕದಲ್ಲಿ ಅಜ್ಜ ಇರುತ್ತಾರೆ.

ಮೂರನೇ ಸಾಲಿನ ನಡುವಿನ ಬೆಲ್ಟ್ ಬಗ್ಗೆ ಒಂದು ಎಚ್ಚರಿಕೆ. ಅನೇಕ ಮಿನಿವ್ಯಾನ್‌ಗಳಲ್ಲಿ ಅದು ಛಾವಣಿಯಿಂದ ಇಳಿದು ಬರುತ್ತದೆ, ಅದಕ್ಕೆ ಎರಡು ನಾಲಗೆ ಇರುತ್ತವೆ. ಚಿಕ್ಕದು ಸೀಟಿನ ಒಂದು ಬದಿಯ ಕೊಂಡಿಗೆ, ದೊಡ್ಡದು ಮಾಮೂಲಿ ಬಕಲ್‌ಗೆ. ಸೀಟು ಮಡಚಲು ಚಿಕ್ಕದನ್ನು ಬಿಡಿಸಿರುತ್ತಾರೆ, ಮತ್ತೆ ಸಿಕ್ಕಿಸಲು ಮರೆಯುತ್ತಾರೆ. ಹಾಗೆ ಬಿಟ್ಟು ದೊಡ್ಡದನ್ನಷ್ಟೇ ಹಾಕಿದರೆ ಬೆಲ್ಟ್ ಸೊಂಟವನ್ನು ಹಿಡಿಯುವುದಿಲ್ಲ. ಹಿಂದಿನ ಸಾಲನ್ನು ಮಡಚಿ ಎತ್ತಿದ ಪ್ರತಿ ಸಲವೂ ಈ ಚಿಕ್ಕ ನಾಲಗೆಯನ್ನು ಎಳೆದು ನೋಡುವುದನ್ನು ಕುಟುಂಬ ರೂಢಿ ಮಾಡಿಕೊಂಡಿತು. ಮಗುವಿನ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಗಾಡಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳೂ ಅಷ್ಟೇ, ಹಿಂದಿನ ಸಾಲಿನ ಎಲ್ಲ ಸೀಟಿಗೂ ಇವೆ ಎಂದುಕೊಳ್ಳಬಾರದು. ಈ ಗಾಡಿಯ ಹಿಂದಿನ ನಡುಸೀಟಿಗೆ ಟಾಪ್ ಟೆದರ್ (ಮಗುವಿನ ಸೀಟಿನ ಮೇಲ್ಭಾಗವನ್ನು ಹಿಂದಕ್ಕೆ ಬಿಗಿಯುವ ಪಟ್ಟಿ) ಕೊಂಡಿ ಮಾತ್ರ ಇತ್ತು. ಆದ್ದರಿಂದ ಮಗನ ಸೀಟನ್ನು ಗಾಡಿಯ ಬೆಲ್ಟ್ ಮತ್ತು ಟೆದರ್ ಎರಡರಿಂದಲೂ ಬಿಗಿದರು. ಸರಿಯಾಗಿ ಬಿಗಿದಿದ್ದರೆ ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸಿದಾಗ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಆಡಬಾರದು.

ಅಜ್ಜಿ ಹತ್ತುವುದನ್ನೂ ಪರೀಕ್ಷಿಸಿದರು. ನೆಲದ ಎತ್ತರಕ್ಕಿಂತ ಹಿಡಿಕೆ ಎಲ್ಲಿದೆ ಎಂಬುದೇ ಇಲ್ಲಿ ಹೆಚ್ಚು ಮುಖ್ಯವಾಯಿತು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಈ ಕ್ರಮದಲ್ಲಿ ಹತ್ತಲು ಯಾವ ಬದಿಯ ಬಾಗಿಲಿನ ಹಿಡಿಕೆ ಕೈಗೆ ಸಿಗುತ್ತದೋ ಆ ಬದಿಯ ಸೀಟನ್ನೇ ಅವರಿಗೆ ಕೊಟ್ಟರು. ಅಜ್ಜ ಮೂರನೇ ಸಾಲಿನಲ್ಲಿ ಇಪ್ಪತ್ತು ನಿಮಿಷ ಕೂತೇ ಇದ್ದರು. ಅಲ್ಲಿ ಸೀಟು ತಗ್ಗಾಗಿರುವುದರಿಂದ ಮಂಡಿ ಮೇಲಕ್ಕೇರುತ್ತದೆ. ಎರಡು ನಿಮಿಷ ಕೂತು ಎದ್ದರೆ ಅದು ತೊಡೆಗೆ ತಿಳಿಯುವುದಿಲ್ಲ.

ನೆಲದ ಪೆಟ್ಟಿಗೆಯ ಮುಚ್ಚಳ

ಅವರ ಕೂಸಿನ ಸೀಟಿಗೆ ಮುಂಭಾಗದಲ್ಲಿ ಒಂದು ಆಸರೆ ಕಾಲು ಇತ್ತು, ಅದು ಗಾಡಿಯ ನೆಲಕ್ಕೆ ಊರಬೇಕು. ಈ ಗಾಡಿಯಲ್ಲಿ ನಡುಸಾಲಿನ ಎರಡೂ ಸೀಟುಗಳ ಮುಂದೆ ನೆಲದೊಳಗೆ ಸಾಮಾನಿನ ಪೆಟ್ಟಿಗೆ, ಅದರ ಮೇಲೊಂದು ಮುಚ್ಚಳ ಇತ್ತು. ಕಾಲು ಬಂದು ನಿಂತದ್ದು ಸರಿಯಾಗಿ ಆ ಮುಚ್ಚಳದ ಮೇಲೆ. ಮಾರಾಟಗಾರ ಮುಚ್ಚಳವನ್ನು ಕಾಲಿನಿಂದ ತುಳಿದು ತೋರಿಸಿ, "ಗಟ್ಟಿ ಇದೆ ನೋಡಿ ಸರ್, ಏನೂ ಆಗಲ್ಲ" ಎಂದರು.

ಅವರು ನಂಬಿಯೇ ಹೇಳಿರಬಹುದು, ಆದರೆ ಅದು ತಪ್ಪು. ಮುಚ್ಚಳ ಒಬ್ಬ ಮನುಷ್ಯ ನಿಂತರೆ ತಡೆಯುತ್ತದೆ. ಡಿಕ್ಕಿ ಹೊಡೆದಾಗ ಮಗು ಮತ್ತು ಸೀಟಿನ ತೂಕದ ಹಲವು ಪಟ್ಟು ಬಲ ಒಂದು ಅಂಗೈಯಗಲ ಜಾಗದ ಮೇಲೆ ಕ್ಷಣಾರ್ಧದಲ್ಲಿ ಬೀಳುತ್ತದೆ. ಮುಚ್ಚಳ ಕುಸಿದರೆ ಕಾಲು ಒಳಗೆ ಇಳಿಯುತ್ತದೆ, ಇಡೀ ಸೀಟು ಮುಂದಕ್ಕೆ ತಿರುಗುತ್ತದೆ. ಆ ತಿರುಗುವಿಕೆಯನ್ನು ತಡೆಯುವುದಕ್ಕೇ ಆ ಕಾಲು ಇರುವುದು. ಗಾಡಿಯ ಕೈಪಿಡಿಯಲ್ಲೂ ಮಗುವಿನ ಸೀಟಿನ ಕೈಪಿಡಿಯಲ್ಲೂ ಖಾಲಿ ಪೆಟ್ಟಿಗೆಯ ಮುಚ್ಚಳದ ಮೇಲೆ ಕಾಲು ಊರಬಾರದು ಎಂದೇ ಬರೆದಿತ್ತು.

ಇದಕ್ಕೆ ಪರಿಹಾರ ಮೂರು ಬಗೆ. ಗಾಡಿ ತಯಾರಕರೇ ಕೊಡುವ, ಪೆಟ್ಟಿಗೆಯೊಳಗೆ ಒತ್ತಾಗಿ ಕೂರುವ ಗಟ್ಟಿ ತುಂಬುಬ್ಲಾಕ್ ಹಾಕುವುದು ಒಂದು. ಆಸರೆ ಕಾಲಿಲ್ಲದೆ ಬೆಲ್ಟಿನಿಂದ ಬಿಗಿಯುವ ಹಿಮ್ಮುಖ ಸೀಟು ಕೊಳ್ಳುವುದು ಇನ್ನೊಂದು. ಕೆಳಗೆ ಪೆಟ್ಟಿಗೆ ಇಲ್ಲದ ಸೀಟಿಗೆ ಕೂಸನ್ನು ಸಾಗಿಸುವುದು ಮೂರನೆಯದು. ಬ್ಲಾಕ್ ಎಲ್ಲ ಗಾಡಿಗೂ ಸಿಗುವುದಿಲ್ಲ. ಕೆಲವು ತಯಾರಕರು ಅಂಥ ಜಾಗದಲ್ಲಿ ಆಸರೆ ಕಾಲಿನ ಸೀಟನ್ನೇ ಒಪ್ಪುವುದಿಲ್ಲ. ಇಲ್ಲಿ ಸಿಗುತ್ತಿತ್ತು. ಮಗುವಿನ ಸೀಟಿನ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲೂ ಈ ಗಾಡಿಯ ಹೆಸರು "ಬ್ಲಾಕ್ ಇದ್ದರೆ ಮಾತ್ರ" ಎಂಬ ಷರತ್ತಿನೊಂದಿಗೆ ಇತ್ತು. ಪುಸ್ತಕ, ಬಟ್ಟೆ, ಮರದ ತುಂಡು ತುರುಕಿ ಪೆಟ್ಟಿಗೆ ತುಂಬುವುದು ಇದಕ್ಕೆ ಬದಲಿಯಲ್ಲ. ಬ್ಲಾಕನ್ನು ಡೆಲಿವರಿಯ ದಿನವೇ ಕೊಡಬೇಕು ಎಂದು ಆರ್ಡರ್ ಕಾಗದದಲ್ಲಿ ಬರೆಸಿದರು.

ಸಾಲದ ಅವಧಿ

ಹಣದ ಮಾತಿಗೆ ಬಂದಾಗ ಷೋರೂಮಿನವರು ಕೇಳಿದ ಮೊದಲ ಪ್ರಶ್ನೆ "ತಿಂಗಳಿಗೆ ಎಷ್ಟು ಕಟ್ಟುತ್ತೀರಿ?" ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಒಟ್ಟು ಬೆಲೆಯ ಮಾತು ಅಲ್ಲಿಗೆ ಮುಗಿಯುತ್ತದೆ. ಅವಧಿ ಎಳೆದರೆ ಯಾವ ಬೆಲೆಯನ್ನಾದರೂ ಆ ಕಂತಿನೊಳಗೆ ಕೂರಿಸಬಹುದು.

ಸಾಲ 100 ಭಾಗ, ವಾರ್ಷಿಕ ಬಡ್ಡಿ 9% ಎಂದಿಟ್ಟುಕೊಳ್ಳಿ. 60 ತಿಂಗಳಾದರೆ ಕಂತು 2.08, ಒಟ್ಟು ಕಟ್ಟುವುದು ಸುಮಾರು 124.5. ಅದನ್ನೇ 84 ತಿಂಗಳಿಗೆ ಎಳೆದರೆ ಕಂತು 1.61ಕ್ಕೆ ಇಳಿಯುತ್ತದೆ, ಒಟ್ಟು 135ಕ್ಕೆ ಏರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಮೂರು ವರ್ಷದ ಹೊತ್ತಿಗೆ ಬಾಕಿ ಎಷ್ಟು ಎಂಬುದು. ಮೊದಲನೆಯದರಲ್ಲಿ ಸುಮಾರು 45 ಬಾಕಿ, ಎರಡನೆಯದರಲ್ಲಿ ಸುಮಾರು 65. ಅಷ್ಟರಲ್ಲಿ ಗಾಡಿ ಅಪಘಾತದಲ್ಲಿ ಪೂರ್ತಿ ಹೋದರೂ, ಮಾರಬೇಕಾಗಿ ಬಂದರೂ, ಸಿಕ್ಕ ಹಣ ಸಾಲ ತೀರಿಸಲು ಸಾಲದೇ ಹೋಗುವ ಸಂಭವ ಎರಡನೆಯದರಲ್ಲಿ ಬಹಳ ಹೆಚ್ಚು. ಕುಟುಂಬ 60 ತಿಂಗಳನ್ನು ಆರಿಸಿತು. ಕಂತು ಹೊಂದಿಸಲು ಛಾವಣಿಯ ಗಾಜು, ಹಿಂದಿನ ಸಾಲಿನ ಟಿವಿ ಪರದೆ ಇದ್ದ ಮೇಲಿನ ದರ್ಜೆಯನ್ನು ಬಿಟ್ಟು ನಡುದರ್ಜೆಗೆ ಇಳಿಯಿತು. ಎರಡೂ ದರ್ಜೆಯಲ್ಲಿ ಏರ್‌ಬ್ಯಾಗ್, ಬ್ರೇಕಿಂಗ್ ನೆರವು, ವಿದ್ಯುತ್ ಜಾರುಬಾಗಿಲು ಒಂದೇ ಆಗಿದ್ದುದರಿಂದ ಇದು ಸರಿಯಾದ ತ್ಯಾಗ.

ಡೆಲಿವರಿಯ ದಿನ ನೋಡಬೇಕಾದ್ದು ಹೆಚ್ಚಿಲ್ಲ, ಆದರೆ ಅಲ್ಲೇ ನೋಡಬೇಕು. ಎರಡು ಕೀ, ವೀಲ್ ನಟ್ ಲಾಕ್‌ನ ಸಾಕೆಟ್ (ಚಕ್ರ ಕಳವಾಗದಂತೆ ಹಾಕಿದ ವಿಶೇಷ ನಟ್ ಬಿಚ್ಚುವ ಸಾಧನ), ಕೆಟ್ಟ ಗಾಡಿಯನ್ನು ಎಳೆಯುವ ಕೊಕ್ಕೆ, ಟೈರಿನ ಮೇಲಿನ ನಾಲ್ಕಂಕಿಯ ತಯಾರಿಕೆ ಗುರುತು (3223 ಎಂದಿದ್ದರೆ 2023ರ 32ನೇ ವಾರ). ಈ ಗಾಡಿಗೆ ಸ್ಟೆಪ್ನಿ ಇರಲಿಲ್ಲ, ಸೀಲೆಂಟ್ ಬಾಟಲಿ ಮತ್ತು ಪುಟ್ಟ ಗಾಳಿ ಪಂಪು ಮಾತ್ರ. ಸೀಲೆಂಟ್ ಟೈರಿನ ತುಳಿಭಾಗಕ್ಕೆ ಮೊಳೆ ಚುಚ್ಚಿದಂಥ ಸಣ್ಣ ತೂತು ಮುಚ್ಚುತ್ತದೆ, ಪಕ್ಕದ ಗೋಡೆ ಹರಿದರೆ ಏನೂ ಮಾಡಲಾಗದು. ಬಾಟಲಿಗೆ ಅವಧಿ ಮುಗಿಯುವ ತಾರೀಖೂ ಇರುತ್ತದೆ.

ಮೊದಲ ದೂರ ಪ್ರಯಾಣ

ಏಳೂ ಜನ, ನಾಲ್ಕು ಸೂಟ್‌ಕೇಸು, ಛಾವಣಿಯ ಮೇಲೆ ಹೊಸದಾಗಿ ಕೊಂಡ ರೂಫ್ ಬಾಕ್ಸು. ಹೊರಟ ಸ್ವಲ್ಪ ಹೊತ್ತಿಗೇ ರಸ್ತೆಯ ಉಬ್ಬುಗಳಲ್ಲಿ ಹಿಂಭಾಗ "ಧಡ್" ಎಂದು ತಳ ಮುಟ್ಟುತ್ತಿತ್ತು. ಕತ್ತಲಾದ ಮೇಲೆ ಎದುರಿನವರು ಒಬ್ಬರಾದ ಮೇಲೊಬ್ಬರು ಲೈಟ್ ಮಿಟುಕಿಸಿದರು. ತಿರುವಿನಲ್ಲಿ ಗಾಡಿ ತಡವಾಗಿ ಬಾಗುತ್ತಿತ್ತು. ಸಸ್ಪೆನ್ಷನ್ ದೋಷವೇ ಇರಬೇಕೆಂದು ವಾಪಸು ಬಂದ ಮೇಲೆ ಸರ್ವೀಸಿಗೆ ಒಯ್ದರು. ಖಾಲಿ ಗಾಡಿಯನ್ನು ಓಡಿಸಿ ನೋಡಿ ಏನೂ ದೋಷವಿಲ್ಲ ಎಂದು ಮರಳಿಸಿದರು. ಖಾಲಿ ಗಾಡಿಯಲ್ಲಿ ನಿಜಕ್ಕೂ ದೋಷವಿರಲಿಲ್ಲ.

ಮುಂದಿನ ಪ್ರಯಾಣಕ್ಕೆ ಎಲ್ಲ ತುಂಬಿಕೊಂಡು ಹೊರಡುವಾಗ ದಾರಿಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗೆ ಗಾಡಿ ಹತ್ತಿಸಿದ್ದೇ ತಿರುವು. ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರಗಳಷ್ಟೇ ತಟ್ಟೆಯ ಮೇಲಿರುವಂತೆ ನಿಲ್ಲಿಸಿ ಇನ್ನೊಮ್ಮೆ. ಒಟ್ಟು ತೂಕ 2,730 ಕಿಲೋ, ಬಾಗಿಲ ಕಂಬದ ತಗಡಿನಲ್ಲಿ ಬರೆದ ಮಿತಿ 2,750. ಇದು ಸರಿ. ಹಿಂದಿನ ಆಕ್ಸಲ್ (ಎರಡು ಹಿಂಚಕ್ರಗಳ ಅಚ್ಚು) ಮೇಲೆ 1,430, ಮಿತಿ 1,400. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ 30 ಕಿಲೋ ಮೀರಿತ್ತು.

ಹೀಗೇಕಾಗುತ್ತದೆ ಎಂಬುದನ್ನು ಮಿನಿವ್ಯಾನ್ ಇರುವವರೆಲ್ಲ ತಿಳಿದಿರಬೇಕು. ಮುಂದೆ ಕೂತವರ ತೂಕದಲ್ಲಿ ಅರ್ಧಕ್ಕೂ ಕಡಿಮೆ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಮೂರನೇ ಸಾಲು ಹೆಚ್ಚುಕಡಿಮೆ ಆಕ್ಸಲ್ ಮೇಲೆಯೇ ಇದೆ, ಅಲ್ಲಿನ ತೂಕ ಪೂರ್ತಿ ಹಿಂದಕ್ಕೆ. ಡಿಕ್ಕಿಯ ಸಾಮಾನು ಆಕ್ಸಲ್‌ನಿಂದ ಆಚೆಗಿದೆ. ಅಲ್ಲಿಟ್ಟ 100 ಕಿಲೋ ಹಿಂದಿನ ಚಕ್ರಕ್ಕೆ ಸುಮಾರು 120 ಕಿಲೋ ಆಗಿ ಬೀಳುತ್ತದೆ, ಮುಂಭಾಗವನ್ನು ಆ ಹೆಚ್ಚುವರಿ 20ರಷ್ಟು ಎತ್ತುತ್ತದೆ. ಎದುರಿನವರ ಕಣ್ಣಿಗೆ ಲೈಟ್ ಹೊಡೆದದ್ದು ಇದರಿಂದಲೇ.

ಲೆಕ್ಕ ಬಿಡಿಸಿದಾಗ ಹೀಗಿತ್ತು: ಜನ 332 ಕಿಲೋ, ಮಕ್ಕಳ ಸೀಟುಗಳು 29, ಡಿಕ್ಕಿಯ ಸಾಮಾನು 128, ರೂಫ್ ಬಾಕ್ಸು ಸಾಮಾನು ಸೇರಿ 82, ಡೀಲರ್ ಹಾಕಿದ ಪಕ್ಕದ ಮೆಟ್ಟಿಲು, ದಪ್ಪ ಮ್ಯಾಟ್ ಇತ್ಯಾದಿ 30. ಒಟ್ಟು 601. ಮಕ್ಕಳ ಸೀಟಿನ ತೂಕವನ್ನೂ ಬಿಡಿಭಾಗಗಳ ತೂಕವನ್ನೂ ಯಾರೂ ಎಣಿಸಿರಲಿಲ್ಲ. ಛಾವಣಿಯ ಮಿತಿ 75 ಕಿಲೋ, ಬಾಕ್ಸಿನ ಸ್ವಂತ ತೂಕವೂ ಅದರೊಳಗೇ ಬರಬೇಕು. ಅಲ್ಲೂ ಮೀರಿತ್ತು.

ಡೀಲರ್ ಕಡೆಯವರು ಹಿಂದಿನ ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಹಾಕಿಸಿ ಎಂದರು. ಅದನ್ನು ಹಾಕಿಸಿದರೆ ಗಾಡಿಯ ಹಿಂಭಾಗ ಮೇಲೇಳುತ್ತದೆ, ಆಕ್ಸಲ್, ಬೇರಿಂಗ್, ಟೈರ್ ತಡೆಯುವ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ. ಕಾಣುತ್ತಿದ್ದ ಸೂಚನೆಯಷ್ಟೇ ಮರೆಯಾಗುತ್ತದೆ. ಕುಟುಂಬ ಒಪ್ಪದಿದ್ದದ್ದು ಒಳ್ಳೆಯದಾಯಿತು.

ಬದಲಿಗೆ ಅವರು ರೂಫ್ ಬಾಕ್ಸನ್ನು ಕಳಚಿದರು. ಅದರಲ್ಲಿದ್ದ 60 ಕಿಲೋದಲ್ಲಿ 40 ಮನೆಯಲ್ಲೇ ಉಳಿಯಿತು, 20 ಡಿಕ್ಕಿಗೆ ಬಂತು. ನೀರಿನ ಕ್ಯಾನು, ಟೂಲ್‌ಗಳಂಥ ಭಾರದ 30 ಕಿಲೋ ಸಾಮಾನನ್ನು ಡಿಕ್ಕಿಯಿಂದ ತೆಗೆದು ಅಜ್ಜಿಯ ಸೀಟಿನ ಮುಂದಿನ ನೆಲದ ಪೆಟ್ಟಿಗೆಗೆ ಇಳಿಸಿದರು. ಅದು ಎರಡು ಆಕ್ಸಲ್‌ಗಳ ನಡುವಿನ ಜಾಗ. ಮುಚ್ಚಳವಿರುವುದರಿಂದ ಬ್ರೇಕ್ ಹೊಡೆದಾಗ ಏನೂ ಹಾರಿ ಬರುವುದಿಲ್ಲ. ಮತ್ತೆ ತೂಗಿದಾಗ ಒಟ್ಟು 2,670, ಹಿಂದಿನ ಆಕ್ಸಲ್ 1,380.

ಟೈರಿನ ಗಾಳಿಯೂ ತಪ್ಪಾಗಿತ್ತು. ಬಾಗಿಲ ಕಂಬದ ಚೀಟಿಯಲ್ಲಿ ಎರಡು ಸಾಲು ಇದ್ದವು: ಕಡಿಮೆ ಭಾರಕ್ಕೆ ನಾಲ್ಕೂ ಟೈರಿಗೆ 2.4 ಬಾರ್, ಅಂದರೆ 35 ಪಿಎಸ್‌ಐ. ಪೂರ್ತಿ ಭಾರಕ್ಕೆ ಹಿಂದಿನವಕ್ಕೆ 2.7 ಬಾರ್, 39 ಪಿಎಸ್‌ಐ. ಷೋರೂಮಿನಿಂದ ಬಂದದ್ದು ಮೊದಲ ಸಾಲಿನ ಗಾಳಿಯಲ್ಲಿ, ಎರಡನೆಯ ಸಾಲನ್ನು ಯಾರೂ ಓದಿರಲಿಲ್ಲ. ಈ ಅಳತೆ ತಣ್ಣಗಿನ ಟೈರಿಗೆ. ದೂರ ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸಿತೆಂದು ಗಾಳಿ ಬಿಡಬಾರದು. ಡ್ಯಾಷ್‌ಬೋರ್ಡಿನಲ್ಲಿ ಹೆಡ್‌ಲೈಟ್ ಎತ್ತರ ಇಳಿಸುವ ಗುಂಡಿಯೂ ಇತ್ತು, ಭಾರ ಹಾಕಿದ ದಿನ ಅದನ್ನು ತಿರುಗಿಸಲು ಕಲಿತರು. ಉಬ್ಬುಗಳಲ್ಲಿ ಸದ್ದು ನಿಂತಿತು.

ಜಾರುಬಾಗಿಲು

ಏಳನೆಯ ತಿಂಗಳಿಗೆ ಒಂದು ಬದಿಯ ಬಾಗಿಲು ಮುಚ್ಚುತ್ತಾ ಬಂದು, ಇನ್ನೇನು ಒಂದು ಗೇಣು ಉಳಿದಿದೆ ಎನ್ನುವಾಗ ಬೀಪ್ ಮಾಡಿ ಹಿಂದಕ್ಕೆ ತೆರೆದುಕೊಳ್ಳತೊಡಗಿತು. ಮೋಟಾರ್ ಜೋಡಣೆ ಬದಲಿಸಬೇಕು, ಬಿಡಿಭಾಗ ಬರಲು ಸಮಯ ಬೇಕು ಎಂಬುದು ಸರ್ವೀಸಿನ ಮೊದಲ ಉತ್ತರ.

ಮೋಟಾರೋ ಅಡ್ಡಿಯೋ ಎಂದು ತಿಳಿಯಲು ಒಂದು ಸರಳ ದಾರಿ ಇದೆ. ವಿದ್ಯುತ್ ಬಾಗಿಲಿನ ಸ್ವಿಚ್ಚನ್ನು ಆಫ್ ಮಾಡಿ ಕೈಯಿಂದ ನಿಧಾನವಾಗಿ ಎಳೆಯಬೇಕು. ಪ್ರತಿ ಸಲವೂ ಒಂದೇ ಜಾಗದಲ್ಲಿ ಬಿಗಿಯಾದರೆ ಅಡ್ಡಿ ಹಳಿಯಲ್ಲಿದೆ. ಉದ್ದಕ್ಕೂ ಹಗುರವಾಗಿ ಸರಿದೂ ಸ್ವಿಚ್ಚಿನಲ್ಲಿ ಮಾತ್ರ ಹಿಂದೆ ಸರಿದರೆ ಮೋಟಾರ್, ಕೇಬಲ್ ಇಲ್ಲವೇ ಅಂಚಿನ ಸೆನ್ಸರ್ ನೋಡಬೇಕು. ಇಲ್ಲಿ ಕೊನೆಯ ಗೇಣಿನಲ್ಲಿ, ಪ್ರತಿ ಸಲವೂ ಒಂದೇ ಜಾಗದಲ್ಲಿ ಬಿಗಿಯಾಯಿತು.

ಜಾರುಬಾಗಿಲಿಗೆ ಮೂರು ಹಳಿ: ಮೇಲೆ, ಹೊರಮೈಯ ನಡುವೆ, ಕೆಳಗೆ ಹೊಸ್ತಿಲ ಬಳಿ. ಬಾಗಿಲು ಮುಚ್ಚುವ ಕೊನೆಯಲ್ಲಿ ಒಳಕ್ಕೆ ತಿರುಗಬೇಕಾದ್ದರಿಂದ ಹಳಿಗಳೂ ಅಲ್ಲಿ ಬಾಗಿರುತ್ತವೆ. ಕೆಳಹಳಿಯ ಆ ಬಾಗಿನಲ್ಲಿ ಚಪ್ಪಲಿಯಿಂದ ಉದುರಿದ ಮರಳು, ಬಿಸ್ಕತ್ತಿನ ಪುಡಿ, ಹಳೆಯ ಗ್ರೀಸಿನೊಂದಿಗೆ ಸೇರಿ ಗಟ್ಟಿಯಾಗಿತ್ತು, ಅದರಲ್ಲಿ ಒಂದು ಸಣ್ಣ ಕಲ್ಲು ಹೂತಿತ್ತು. ರೋಲರ್ ಅದನ್ನು ಹತ್ತುವಾಗ ಮೋಟಾರಿನ ಹೊರೆ ಏರುತ್ತದೆ. ಯಾರದೋ ಕೈ ಸಿಕ್ಕಿದೆ ಎಂದುಕೊಂಡು ಬಾಗಿಲು ಹಿಂದೆ ಸರಿಯುತ್ತದೆ. ಮಕ್ಕಳ ಬೆರಳು ಉಳಿಸುವ ವ್ಯವಸ್ಥೆ ತನ್ನ ಕೆಲಸ ಮಾಡಿತ್ತು, ಅಷ್ಟೆ.

ವ್ಯಾಕ್ಯೂಮ್‌ನಿಂದ ಎಳೆದು, ಮೆತ್ತನೆಯ ಬ್ರಷ್ಷಿನಿಂದ ಕೆರೆದು, ಸೋಪುನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಕೈಪಿಡಿಯಲ್ಲಿ ಹೇಳಿದ ಗ್ರೀಸನ್ನು ತೆಳುವಾಗಿ ಹಚ್ಚಿದರು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಒಂದೆರಡು ದಿನ ಸಲೀಸಾಗಿ ಓಡುತ್ತದೆ, ಆಮೇಲೆ ಇದ್ದ ಗ್ರೀಸೂ ತೊಳೆದುಹೋಗಿ ಧೂಳು ಇನ್ನಷ್ಟು ಅಂಟುತ್ತದೆ. ಬಾಗಿಲನ್ನು ಕೈಯಿಂದ ಪೂರ್ತಿ ಮುಚ್ಚಿ ಸ್ವಿಚ್ ಆನ್ ಮಾಡಿದಾಗ ಸರಿಹೋಯಿತು. ಮೋಟಾರ್ ಬದಲಿಸುವ ಮಾತೇ ಬರಲಿಲ್ಲ. ಈಗ ಗಾಡಿ ತೊಳೆಯುವ ದಿನ ಎರಡೂ ಕೆಳಹಳಿಗಳಿಗೆ ವ್ಯಾಕ್ಯೂಮ್ ಹಿಡಿಯುತ್ತಾರೆ.

ಇನ್ನೊಂದು ಬದಿಯ ಬಾಗಿಲು ಪೆಟ್ರೋಲ್ ಹಾಕಿಸುವಾಗ ಅರ್ಧಕ್ಕೇ ನಿಲ್ಲುತ್ತದೆ ಎಂಬ ದೂರೂ ಇತ್ತು. ಅದು ದೋಷವಲ್ಲ. ಟ್ಯಾಂಕಿನ ಮುಚ್ಚಳ ಆ ಬದಿಯಲ್ಲೇ ಇರುವ ಗಾಡಿಗಳಲ್ಲಿ, ಮುಚ್ಚಳ ತೆರೆದಿರುವಾಗ ಬಾಗಿಲು ಹೋಗಿ ಪೈಪಿಗೆ ಬಡಿಯದಿರಲೆಂದು ತಡೆ ಇಟ್ಟಿರುತ್ತಾರೆ.

ಈಗಿನ ಸ್ಥಿತಿ

ವರ್ಷ ತುಂಬಿದಾಗ ಕುಟುಂಬ ಸೀಟುಗಳ ಜೋಡಣೆಯನ್ನು ಮತ್ತೊಮ್ಮೆ ಪರಿಶೀಲಿಸಿತು. ಕೂಸು ಬೆಳೆದಿದೆ, ಆದರೆ ಹಿಮ್ಮುಖ ಸೀಟಿನ ಎತ್ತರ, ತೂಕದ ಮಿತಿ ಇನ್ನೂ ತಲುಪಿಲ್ಲವಾದ್ದರಿಂದ ಹಾಗೆಯೇ ಉಳಿಸಿದ್ದಾರೆ. ಬ್ಲಾಕ್ ಪೆಟ್ಟಿಗೆಯೊಳಗೇ ಇದೆ. ಪ್ರತಿ ದೂರ ಪ್ರಯಾಣದ ಹಿಂದಿನ ದಿನ ಹಿಂದಿನ ಟೈರುಗಳಿಗೆ 2.7 ಬಾರ್ ಗಾಳಿ, ಬಂದ ಮೇಲೆ ಮತ್ತೆ 2.4. ರೂಫ್ ಬಾಕ್ಸನ್ನು ಮಾರಿದ್ದಾರೆ.